ಲ್ಯಾಟಿನ್‌ನ 'ಸ್ಪೆಕೆರೆ' ಮೂಲ ತಿಳಿದರೆ ಅದರಿಂದ ಹುಟ್ಟಿದ ಪದಗಳ ಅರ್ಥವೂ ತಿಳಿದುಬಿಡುತ್ತಾ?

ಇಲ್ಲ. ಹಾಗೆ ನಂಬಿಯೇ ನಾನು ಒಂದು ವರ್ಷ ಕಳೆದುಕೊಂಡೆ.

ಸಂಸ್ಕೃತ ಓದಿ ಲ್ಯಾಟಿನ್‌ಗೆ ಬಂದವನು ನಾನು. 'ಸ್ಪೆಕೆರೆ' ಅಂದರೆ ನೋಡುವುದು, ಅದು ನಮ್ಮ 'ಪಶ್ಯತಿ'ಯ ಒಡಹುಟ್ಟು ಅಂತ ಗೊತ್ತಾದ ರಾತ್ರಿ ನಿದ್ದೆಯೇ ಬರಲಿಲ್ಲ. ಋಗ್ವೇದದಲ್ಲಿ ವರುಣನ ಸುತ್ತ ಕೂರುವ ಬೇಹುಗಾರರು 'ಸ್ಪಶ'ರು, ಅದೂ ಇದೇ ಬೇರು. ದಿನಾ ಬಾಯಲ್ಲಿರುವ 'ಸ್ಪಷ್ಟ' ಕೂಡ ಅದೇ, ಕಣ್ಣಿಗೆ ಕಂಡದ್ದು. ಇಷ್ಟು ಕೈಗೆ ಸಿಕ್ಕ ಮೇಲೆ ನಿಘಂಟು ಯಾಕೆ ಅಂದುಕೊಂಡೆ.

ಪರೀಕ್ಷೆಗೆ ಬಂದದ್ದು ರೋಮಿನ ವಾಗ್ಮಿ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕ 'ದೆ ಒಫಿಕಿಯಿಸ್'ನ ತುಣುಕು. ಗುಣವಂತರನ್ನು ಜನ 'ಸುಸ್ಪಿಕಿಯುಂಟ್' ಅಂತಿತ್ತು. 'ಅನುಮಾನಿಸುತ್ತಾರೆ' ಅಂತ ಬರೆದೆ.

ಆ ಪದದ ಮೊದಲಲ್ಲಿರುವುದು 'ಸುಬ್' ಉಪಸರ್ಗ, ಅಂದರೆ ಕೆಳಗಿನಿಂದ. ಕೆಳಗಿನಿಂದ ನೋಡುವುದು ಅಂದರೆ ಓರೆನೋಟ, ಅಂದರೆ ಅನುಮಾನ ಅಂತ ಲೆಕ್ಕ ಹಾಕಿದ್ದೆ. ಕಿವಿಯಲ್ಲಿ ಇಂಗ್ಲಿಷಿನ 'ಸಸ್ಪೆಕ್ಟ್' ಬೇರೆ ಗುಂಯ್‌ಗುಡುತ್ತಿತ್ತು. ಆದರೆ ಕೆಳಗೆ ನಿಂತವನು ಕತ್ತೆತ್ತಿ ನೋಡುತ್ತಾನೆ, ಅಲ್ವಾ? ಅಲ್ಲಿದ್ದದ್ದು ಆ ನೋಟ, ಗೌರವದ್ದು. ಅದರ ಪಕ್ಕದಲ್ಲೇ ಅವರನ್ನು ಬಹಳವಾಗಿ ಹೊಗಳುತ್ತಾರೆ ಅಂತಿತ್ತು. ಅನುಮಾನಿಸುವವರು ಹೊಗಳುತ್ತಾರಾ? ಅದನ್ನೂ ನೋಡದೆ ಮುಂದೆ ಹೋದೆ. ಮುಂದೆ ಬಂದದ್ದು 'ಡೆಸ್ಪಿಕಿಯುಂಟ್', ಮೇಲಿನಿಂದ ಕೆಳಗೆ ನೋಡುವುದು, ನಾವು 'ಕೀಳಾಗಿ ಕಾಣು' ಅಂತೀವಲ್ಲ, ಅದೇ. ಸಿಸೆರೊ ಈ ಎರಡನ್ನೂ ಬೇಕಂತಲೇ ಎದುರುಬದುರು ಕೂರಿಸಿದ್ದ. ನಾನು ಎರಡೂ ಕಡೆ ತೆಗಳಿಕೆಯನ್ನೇ ಬರೆದಿದ್ದೆ. ಇಡೀ ಭಾಗ ತಲೆಕೆಳಗಾಯಿತು, ಫೇಲಾದೆ.

'ಸುಸ್ಪಿಕಿಯುಂಟ್'ನ ಕ್ರಿಯಾಪದಕ್ಕೆ ಅನುಮಾನದ ಅರ್ಥವೂ ಇದೆ, ಕಷ್ಟ ಇರುವುದೇ ಅಲ್ಲಿ. ಯಾವ ಅರ್ಥ ಅಂತ ಹೇಳುವುದು ವಾಕ್ಯ. ಬೇರು ಹೇಳುವುದಿಲ್ಲ.

ಉಪಸರ್ಗವಿಲ್ಲದ ಬರೀ 'ಸ್ಪೆಕಿಯೋ'ದ ('ಸ್ಪೆಕೆರೆ'ಯದೇ ರೂಪ, 'ನೋಡುತ್ತೇನೆ' ಅಂತ) ಹಿಂದೆ ಜಾಸ್ತಿ ಅಲೆಯಬೇಡಿ. ಅದು ನಾಟಕಕಾರ ಪ್ಲಾಟಸ್‌ನಂಥ ಹಳಬರಲ್ಲಿ ಅಲ್ಲಲ್ಲಿ ಸಿಗುತ್ತದೆ, ಆಮೇಲೆ ಅಪರೂಪ. ಜನ ಬಳಸಿದ್ದು ಉಪಸರ್ಗ ಸೇರಿದ ರೂಪಗಳನ್ನು. ಹಾಗೆ ಸೇರಿದಾಗ 'ಎ' ಹೋಗಿ 'ಇ' ಆಗುತ್ತದೆ, ಅದಕ್ಕೇ 'ಸ್ಪಿಕಿಯೋ'. ಒಂದೊಂದನ್ನೂ ವಾಕ್ಯದ ಸಮೇತ ಕಲಿಯಿರಿ, ಪಟ್ಟಿ ಮಾಡಿ ಉರು ಹೊಡೆಯಬೇಡಿ.

ನಾನು ಎಡವಿದ ವಾಕ್ಯ ಆ ಪುಸ್ತಕದ ಎರಡನೇ ಭಾಗದ 36ನೇ ಪರಿಚ್ಛೇದದಲ್ಲಿದೆ. ಸುಸ್ಪಿಕೆರೆ, ಪೆರ್‌ಸ್ಪಿಕೆರೆ (ಚೆನ್ನಾಗಿ ಕಂಡುಕೊಳ್ಳುವುದು), ಡೆಸ್ಪಿಕೆರೆ ಮೂರೂ ಒಟ್ಟಿಗೇ ಸಿಗುತ್ತವೆ. ಅಲ್ಲಿಂದ ಶುರು ಮಾಡಿ.