51ನೇ ಕೀರ್ತನೆಯ ಕೊನೆಗೆ ಗೋಡೆ ಎಲ್ಲಿಂದ ಬಂತು?

ಪ್ರಶ್ನೆ: ಪರರ ಹೆಂಡತಿ ಬತ್ಷೆಬೆಯ ಜೊತೆಗಿನ ಪ್ರಸಂಗದ ನಂತರ ಪ್ರವಾದಿ ನಾತಾನ ಬಂದಾಗ ರಾಜ ದಾವೀದ ಹಾಡಿದ್ದು ಎಂದು ಬೈಬಲಿನ 51ನೇ ಕೀರ್ತನೆಯ ತಲೆಬರಹದಲ್ಲಿದೆ. ಕೊನೆಯಲ್ಲಿ ಮಾತ್ರ ಯೆರೂಸಲೇಮಿನ ಗೋಡೆ ಕಟ್ಟು ಎಂಬ ಬೇಡಿಕೆ. ದಾವೀದನ ಕಾಲದಲ್ಲಿ ಗೋಡೆ ಬಿದ್ದಿರಲಿಲ್ಲ, ಅಲ್ವಾ?

ಉತ್ತರ: ಬಿದ್ದಿರಲಿಲ್ಲ. ಅದನ್ನು ಕೆಡವಿದ್ದು ಬಾಬೆಲಿನ ಸೈನ್ಯ, ಕ್ರಿ.ಪೂ. 586ರ ಸುಮಾರಿಗೆ. ಅಷ್ಟರಲ್ಲಿ ದಾವೀದ ತೀರಿಕೊಂಡು 400 ವರ್ಷದ ಹತ್ತಿರ. ಗೋಡೆ ಮತ್ತೆ ಎದ್ದದ್ದು ಯಹೂದಿ ನಾಯಕ ನೆಹೆಮೀಯನ ಕಾಲದಲ್ಲಿ, ಕ್ರಿ.ಪೂ. 445ರ ಸುಮಾರಿಗೆ. ಹಾಗಾಗಿ 18 ಮತ್ತು 19ನೇ ವಚನಗಳು ಈ ನಡುವೆ ಸೇರಿದವು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಇದು ಇವತ್ತಿನ ಅನುಮಾನವೂ ಅಲ್ಲ. ಬಾಬೆಲಿನಲ್ಲಿದ್ದ ಭಕ್ತನೊಬ್ಬ ಇವೆರಡನ್ನು ಸೇರಿಸಿದ ಎಂದು ಸ್ಪೇನಿನ ಪಂಡಿತನೊಬ್ಬ ಹೇಳಿದ್ದನ್ನು 12ನೇ ಶತಮಾನದ ಯಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಬರೆದಿಟ್ಟಿದ್ದಾನೆ.

ಗೋಡೆಗಿಂತ ನನ್ನ ಕಣ್ಣಿಗೆ ಜಾಸ್ತಿ ಬೀಳುವುದು ಬಲಿಯ ಮಾತು. 16ರಲ್ಲಿ ನಿನಗೆ ಬಲಿ ಬೇಕಿಲ್ಲ, 17ರಲ್ಲಿ ಮುರಿದ ಮನಸ್ಸೇ ಬಲಿ. 19ಕ್ಕೆ ಬಂದರೆ ಯಜ್ಞವೇದಿಯ ಮೇಲೆ ಹೋರಿಗಳು! ಇಡೀ ಹಾಡೇ ಯಹೂದಿಗಳು ಬಾಬೆಲಿನಲ್ಲಿ ಸೆರೆಯಿದ್ದ ಕಾಲದ್ದು, ದೇವಾಲಯ ಇಲ್ಲದಾಗ ಬಲಿ ಕೊಡುವುದೆಲ್ಲಿ, ಕಟ್ಟಿದ ಮೇಲೆ ಕೊಡುತ್ತೇವೆ ಎಂದು ಅರ್ಥ ಮಾಡುವವರೂ ಇದ್ದಾರೆ. 10ನೇ ವಚನದ ಶುದ್ಧ ಹೃದಯ, ಸೆರೆಯಲ್ಲಿದ್ದ ಪ್ರವಾದಿ ಯೆಹೆಜ್ಕೇಲನ ಹೊಸ ಹೃದಯದ ಮಾತಿಗೆ ಹತ್ತಿರವೇ ಇದೆ. ಆದರೂ ಕೊನೆಯದು ಬೇರೆ ಕೈ ಎಂದೇ ನನಗನ್ನಿಸುತ್ತದೆ.

ಇನ್ನು ತಲೆಬರಹ. ಹೀಬ್ರೂವಿನಲ್ಲಿರುವುದು ‘ಲೆದಾವಿದ್’. ದಾವೀದ ಬರೆದದ್ದು, ದಾವೀದನಿಗೆ ಸೇರಿದ್ದು, ದಾವೀದನ ಕುರಿತದ್ದು, ಏನೂ ಆಗಬಹುದು. ನಮ್ಮಲ್ಲೂ ‘ರಾಜನ ಹಾಡು’ ಅಂದರೆ ರಾಜನೇ ಬರೆದಿರಬೇಕಿಲ್ಲ. ದಾವೀದನ ಬದುಕಿನ ಸಂದರ್ಭ ಹೇಳುವ ಇಂಥ ತಲೆಬರಹ 13 ಕೀರ್ತನೆಗಳಿಗಿದೆ. ಹಾಡಿಗೆ ಅವನ ಬದುಕಿನಲ್ಲಿ ಜಾಗ ಹುಡುಕಿದ ನಂತರದವರ ಟಿಪ್ಪಣಿಗಳು ಇವು ಎಂಬ ಅಭಿಪ್ರಾಯವೇ ಹೆಚ್ಚು.

ಸುಮ್ನೆ ಹುಡುಕಿದ್ದಲ್ಲ. ಯೆಹೋವನಿಗೆ ಪಾಪ ಮಾಡಿದೆ ಎಂದು ದಾವೀದ ನಾತಾನನ ಮುಂದೆ ಒಪ್ಪಿಕೊಳ್ಳುತ್ತಾನೆ. ಹಾಡಿನ 4ನೇ ವಚನದಲ್ಲೂ ಅದೇ ಕ್ರಿಯಾಪದ. ಆದರೆ ಇಲ್ಲಿ ‘ನಿನಗೊಬ್ಬನಿಗೇ’ ಎಂದಿದೆ. ಬತ್ಷೆಬೆಯ ಗಂಡ ಊರೀಯನನ್ನು ಕೊಲ್ಲಿಸಿದವನ ಬಾಯಲ್ಲಿ ಈ ಮಾತೇ?

ಟಿಪ್ಪಣಿ ಬರೆದವನಂತೂ ಕಿಲಾಡಿ. ಹೀಬ್ರೂವಿನಲ್ಲಿ ‘ಬಂದನು’ ಎನ್ನಲು ‘ಬಾ’ ಎನ್ನುತ್ತಾರೆ. (ಕನ್ನಡಕ್ಕೂ ಅದಕ್ಕೂ ನಂಟಿಲ್ಲ, ಕಾಕತಾಳೀಯ.) ನಾತಾನ ದಾವೀದನ ಬಳಿ ಬಂದದ್ದಕ್ಕೂ, ದಾವೀದ ಬತ್ಷೆಬೆಯ ಬಳಿ ಹೋದದ್ದಕ್ಕೂ ಅವನು ಬಳಸಿದ್ದು ಆ ಒಂದೇ ಕ್ರಿಯಾಪದ. ಕನ್ನಡದಲ್ಲಿ ಒಂದು ‘ಬಂದ’, ಇನ್ನೊಂದು ‘ಹೋದ’ ಆಗಿ ಆ ಚುಚ್ಚು ಮಾಯವಾಗುತ್ತದೆ.