ಗಾಯಕಿಯ ಹೆಸರು ಬಿಡಿ, ಪಕ್ಕದಲ್ಲಿ ನುಡಿಸಿದವರ ಹೆಸರು ಹಿಡಿಯಿರಿ

ನಿಮ್ಮ ಪ್ರಶ್ನೆ ಇಷ್ಟು: ಬಿಲ್ಲಿ ಹಾಲಿಡೇ, ಎಲ್ಲಾ ಫಿಟ್ಜ್‌ಜೆರಾಲ್ಡ್, ನೀನಾ ಸಿಮೋನ್ ಇವರನ್ನು ಚೆನ್ನಾಗಿ ಕೇಳಿದ್ದೀರಿ, ಆದರೆ ಹಾಡು ಕೇಳುವ ಆ್ಯಪ್ ಸುತ್ತಿ ಬಳಸಿ ಅವರನ್ನೇ ಕೊಡುತ್ತಿದೆ. ಜಾಸ್ತಿ ಜನ ಕೇಳಿರದ ಜಾಝ್ ಗಾಯಕರನ್ನು, ಸಣ್ಣ ತಂಡಗಳನ್ನು ಆನ್‌ಲೈನ್‌ನಲ್ಲಿ ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ನಾನು ಎಷ್ಟೋ ವರ್ಷದಿಂದ ಇದೇ ಹುಚ್ಚಿನಲ್ಲಿದ್ದೇನೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಆ್ಯಪ್ ಯಾಕೆ ಹೀಗೆ ಮಾಡುತ್ತದೆ ಅಂದರೆ, ನೀವು ಕೇಳಿದ್ದನ್ನೇ ಕೇಳಿದ ಬೇರೆ ಜನ ಇನ್ನೇನು ಕೇಳಿದರು ಅನ್ನುವುದು ಅದರ ದೊಡ್ಡ ಲೆಕ್ಕ. ಲಕ್ಷಾಂತರ ಜನ ಕೇಳಿದವರ ಬಗ್ಗೆ ಅದಕ್ಕೆ ಚೆನ್ನಾಗಿ ಗೊತ್ತು. ನೂರಿನ್ನೂರು ಜನ ಮಾತ್ರ ಕೇಳಿದವರ ಬಗ್ಗೆ ಅದಕ್ಕೆ ಹೇಳೋಕೆ ಏನೂ ಇಲ್ಲ. ಸಾಲದ್ದಕ್ಕೆ, ಜಾಝ್ ಹಾಡು ಅಂದರೆ ಓದುವಾಗ, ಮಲಗುವಾಗ ಹಿಂದೆ ಹಾಕಿಕೊಳ್ಳುವ ಮೆತ್ತಗಿನ ಸದ್ದು ಅಂತ ಎಷ್ಟೋ ಪ್ಲೇಲಿಸ್ಟ್‌ಗಳು ತೀರ್ಮಾನ ಮಾಡಿಬಿಟ್ಟಿವೆ. ನನಗೆ ಗೊತ್ತಿರುವ ದಾರಿ ಬೇರೆ. ಇಷ್ಟವಾದ ಒಂದು ರೆಕಾರ್ಡ್ ತಗೊಳ್ಳಿ, ಅದರಲ್ಲಿ ಪಿಯಾನೊ ಯಾರು, ಬಾಸ್ (ತಗ್ಗು ಸ್ವರದ ತಂತಿವಾದ್ಯ) ಯಾರು ಅಂತ ನೋಡಿ, ಆಮೇಲೆ ಅವರ ಹಿಂದೆ ಹೋಗಿ. ಒಳ್ಳೆಯ ವಾದಕರು ಯಾರ ಜತೆ ಮತ್ತೆ ಮತ್ತೆ ಕೂತು ನುಡಿಸಿದ್ದಾರೆ ಅನ್ನುವುದಕ್ಕಿಂತ ಒಳ್ಳೆಯ ಶಿಫಾರಸು ನನಗೆ ಇನ್ನೂ ಸಿಕ್ಕಿಲ್ಲ.

ಇದಕ್ಕೆ ಬೇಕಾದ ಜಾಗ ಡಿಸ್ಕಾಗ್ಸ್ ಅನ್ನುವ ವೆಬ್‌ಸೈಟ್. ಅಲ್ಲಿ ರೆಕಾರ್ಡ್‌ಗಳ ಹಿಂಬದಿಯಲ್ಲಿ ಅಚ್ಚಾದ ಹೆಸರುಗಳನ್ನು ಕೇಳುಗರೇ ಕೂತು ದಾಖಲಿಸಿದ್ದಾರೆ. ವಾದಕರ ಹೆಸರಿನ ಮೇಲೆ ಒತ್ತಿದರೆ ಅವರು ನುಡಿಸಿದ್ದೆಲ್ಲ ವರ್ಷದ ಪ್ರಕಾರ ಬರುತ್ತದೆ. ಅಲ್ಲಿ ಹುಡುಕಿ, ಬೇರೆ ಕಡೆ ಕೇಳಿ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಶೀಲಾ ಜೋರ್ಡನ್ ಅಂತ ಒಬ್ಬರು ಗಾಯಕಿ, 1928ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವರು, 2025ರಲ್ಲಿ ತೀರಿಕೊಂಡರು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಸಂಗೀತಕ್ಕೆ ಮರುಳಾಗಿ ಜಾಝ್‌ಗೆ ಬಂದವರು. 1962ರಲ್ಲಿ ಬ್ಲೂ ನೋಟ್ ಅನ್ನುವ ಜಾಝ್ ರೆಕಾರ್ಡ್ ಕಂಪನಿಗೆ ಹಾಡಿದರು. ಪಿಯಾನೊ ಇಲ್ಲ, ಬರೀ ಗಿಟಾರ್, ಬಾಸ್, ಡ್ರಮ್ಸ್. ಆ ಕಾಲದಲ್ಲಿ ಬ್ಲೂ ನೋಟ್ ಗಾಯಕರ ರೆಕಾರ್ಡ್ ಮಾಡುತ್ತಿದ್ದುದೇ ಅಪರೂಪ. ಅಷ್ಟಾದರೂ ಅವರ ಹೊಟ್ಟೆಪಾಡು ಹಾಡಿನಿಂದ ನಡೆಯಲಿಲ್ಲ. ಮಗಳನ್ನು ಒಬ್ಬರೇ ಸಾಕುತ್ತಾ, ಐವತ್ತು ದಾಟಿದ ಮೇಲೂ ನ್ಯೂಯಾರ್ಕ್‌ನ ಜಾಹೀರಾತು ಕಂಪನಿಯಲ್ಲಿ ಟೈಪಿಂಗ್ ಕೆಲಸ ಮಾಡಿದರು. ರಾತ್ರಿ ಹಾಡಿದರು. 2012ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಜಾಝ್ ಮಾಸ್ಟರ್ ಗೌರವ ಕೊಟ್ಟಿತು, ಆಗ ಅವರಿಗೆ ಎಂಬತ್ತು ದಾಟಿತ್ತು. ಇಂಥವರನ್ನು ಆ್ಯಪ್ ನಿಮ್ಮ ಮುಂದೆ ತಂದು ನಿಲ್ಲಿಸುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಶೀಲಾ ಅವರ ದೊಡ್ಡ ಆಸೆ ಬರೀ ಬಾಸ್ ಜತೆ ಹಾಡುವುದಾಗಿತ್ತು. ಒಂದು ಗಂಟಲು, ನಾಲ್ಕು ತಂತಿ, ಅಷ್ಟೇ. 1977ರಲ್ಲಿ ನಾರ್ವೆಯ ಆರಿಲ್ಡ್ ಆಂಡರ್ಸನ್ ಅನ್ನುವ ಬಾಸ್ ವಾದಕರ ಜತೆ ಇಡೀ ಆಲ್ಬಂ ಹಾಗೆ ಮಾಡಿದರು. ಇದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸ್ವರ ತಪ್ಪದ ಹಾಗೆ ಹಿಡಿದುಕೊಳ್ಳಲು ಅವರಿಗೆ ಬಾಸ್ ಬಿಟ್ಟರೆ ಬೇರೆ ಆಸರೆ ಇಲ್ಲ, ಲಯವನ್ನು ಇಬ್ಬರೂ ಸೇರಿ ಹೊರಬೇಕು, ಒಬ್ಬರು ಬಿಟ್ಟರೆ ಇನ್ನೊಬ್ಬರು ಬಿದ್ದಂತೆ. ಆ ಅಪಾಯವೇ ಕೇಳುವವರನ್ನು ಹಿಡಿದು ಕೂರಿಸುತ್ತದೆ.

ಈಗ ಶೀಲಾರನ್ನು ಬಿಟ್ಟು ಆಂಡರ್ಸನ್ ಹೆಸರು ಒತ್ತಿ. ನೇರ ನಾರ್ವೆಗೆ ಹೋಗುತ್ತೀರಿ. ಅಲ್ಲಿ ಕಾರಿನ್ ಕ್ರೋಗ್ ಸಿಗುತ್ತಾರೆ, ಅರವತ್ತರ ದಶಕದಿಂದ ಹಾಡುತ್ತಾ ಬಂದವರು, ಧ್ವನಿಯ ಜತೆ ಎಲೆಕ್ಟ್ರಾನಿಕ್ ಪ್ರಯೋಗಗಳನ್ನೂ ಮಾಡಿದವರು. ಅಲ್ಲೇ ರಾಡ್ಕಾ ಟೋನೆಫ್ ಕೂಡ. ಅಪ್ಪ ಬಲ್ಗೇರಿಯಾದವರು, ಇವರು ಹುಟ್ಟಿದ್ದು ಓಸ್ಲೊದಲ್ಲಿ. ಅವರ ಕ್ವಿಂಟೆಟ್‌ನಲ್ಲಿ, ಅಂದರೆ ಐದು ಜನರ ತಂಡದಲ್ಲಿ, ಬಾಸ್ ನುಡಿಸಿದ್ದು ಇದೇ ಆಂಡರ್ಸನ್. 1982ರಲ್ಲಿ ಸ್ಟೀವ್ ಡೊಬ್ರೊಗೋಷ್ ಅನ್ನುವ ಪಿಯಾನೊ ವಾದಕರ ಜತೆ ಬರೀ ಇಬ್ಬರೇ ಸೇರಿ 'ಫೇರಿಟೇಲ್ಸ್' ಅನ್ನುವ ಆಲ್ಬಂ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಡ್ಕಾ ಹೋಗಿಬಿಟ್ಟರು, ಮೂವತ್ತು ವಯಸ್ಸು. ನಾರ್ವೆಯಲ್ಲಿ ಅದು ಮನೆಮನೆಯ ರೆಕಾರ್ಡ್. ಆಚೆ ಬಂದರೆ ಕೇಳಿದವರು ಕಡಿಮೆ. ನನ್ನ ಹತ್ತಿರ ಯಾರಾದರೂ ಒಂದೇ ಒಂದು ಆಲ್ಬಂ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಆಕೆ ಎಲ್ಲೂ ಜೋರು ಮಾಡುವುದಿಲ್ಲ, ಪದವನ್ನು ಇಟ್ಟು ಸುಮ್ನೆ ಕಾಯುತ್ತಾರೆ, ಪಿಯಾನೊ ಕೂಡ ಆ ಖಾಲಿ ಜಾಗವನ್ನು ತುಂಬಲು ಹೋಗುವುದಿಲ್ಲ.

ಡೆಟ್ರಾಯಿಟ್‌ನಿಂದ ಓಸ್ಲೊವರೆಗೆ ನಿಮ್ಮನ್ನು ಕರೆದುಕೊಂಡು ಹೋಗಿದ್ದು ಒಬ್ಬ ಬಾಸ್ ವಾದಕ, ನೋಡಿ.

ಇನ್ನೊಂದು ಸರಪಳಿ. ಗಾಯಕಿ ಐರೀನ್ ಕ್ರಾಲ್, 1978ರಲ್ಲಿ ನಲವತ್ತಾರಕ್ಕೇ ಕ್ಯಾನ್ಸರ್‌ನಿಂದ ತೀರಿಕೊಂಡವರು. ಎಪ್ಪತ್ತರ ದಶಕದ ನಡುವೆ ಅಲನ್ ಬ್ರಾಡ್‌ಬೆಂಟ್ ಅವರ ಪಿಯಾನೊ ಜತೆ ಹಾಡಿದ ಆಲ್ಬಂಗಳು ಇವೆ, ಅದರಲ್ಲಿ ವೈಬ್ರೇಟೊ (ಸ್ವರವನ್ನು ನಡುಗಿಸುವುದು) ಇಲ್ಲವೇ ಇಲ್ಲ ಅನ್ನುವಷ್ಟು ನೇರ ಧ್ವನಿ. ಕ್ಲಿಂಟ್ ಈಸ್ಟ್‌ವುಡ್ 1995ರ ತಮ್ಮ ಒಂದು ಸಿನಿಮಾದಲ್ಲಿ ಆಕೆಯ ಹಾಡುಗಳನ್ನೂ ಗಾಯಕ ಜಾನಿ ಹಾರ್ಟ್‌ಮನ್ ಹಾಡುಗಳನ್ನೂ ಬಳಸಿದರು, ಇಬ್ಬರೂ ಆಗ ಬದುಕಿರಲಿಲ್ಲ, ಇಬ್ಬರಿಗೂ ಹೊಸ ಕೇಳುಗರು ಸಿಕ್ಕರು. ಬ್ರಾಡ್‌ಬೆಂಟ್ ನ್ಯೂಜಿಲೆಂಡ್‌ನವರು, ಈಗಲೂ ನುಡಿಸುತ್ತಾರೆ. ಅವರ ಹಿಂದೆ ಹೋದರೆ ಲಂಡನ್‌ನ ಗಾಯಕಿ ಜಾರ್ಜಿಯಾ ಮಾಂಚಿಯೊ ಸಿಗುತ್ತಾರೆ. ಬ್ರಾಡ್‌ಬೆಂಟ್ ರಾಗಗಳಿಗೆ ಈಕೆ ಪದ ಬರೆದು ಹಾಡಿದ ಆಲ್ಬಂ 2017ರಲ್ಲಿ ಬಂತು. ಅಂದರೆ ಎಪ್ಪತ್ತರ ದಶಕದ ರೆಕಾರ್ಡಿನಿಂದ ಹೊರಟು ಈಗ ಹಾಡುತ್ತಿರುವ ಒಬ್ಬರ ಹತ್ತಿರ ಬಂದಿರಿ. ನನಗೆ ಇದೇ ಮುಖ್ಯ, ಹಳಬರ ಹತ್ತಿರವೇ ನಿಂತುಬಿಡಬಾರದು.

ಎರಡನೇ ದಾರಿ ಹಾಡಿನ ಹೆಸರು ಹಿಡಿದು ಹುಡುಕುವುದು. ಕರ್ನಾಟಕ ಸಂಗೀತ ಕೇಳುವ ಅಭ್ಯಾಸ ಇದ್ದರೆ ಇದು ನಿಮಗೆ ತುಂಬಾ ಸುಲಭ. ಒಂದೇ ಕೃತಿಯನ್ನು ಹತ್ತು ಜನ ಹಾಡಿದ್ದನ್ನು ಕೇಳಿ, ಯಾರು ಎಲ್ಲಿ ನಿಂತರು, ಯಾವ ಸಾಲಿಗೆ ನೆರವಲ್ ಮಾಡಿದರು ಅಂತ ಮಾತಾಡಿಕೊಳ್ಳುತ್ತೇವಲ್ಲ, ಜಾಝ್ ಸ್ಟ್ಯಾಂಡರ್ಡ್‌ಗಳೂ, ಅಂದರೆ ಎಲ್ಲರೂ ಹಾಡುತ್ತಾ ಬಂದಿರುವ ಹಾಡುಗಳೂ, ಹಾಗೇ. ನಿಮಗೆ ಬಾಯಿಪಾಠ ಆಗಿರುವ ಒಂದು ಸ್ಟ್ಯಾಂಡರ್ಡ್ ತಗೊಂಡು, ಅದರ ಹೆಸರಿನ ಪಕ್ಕ ಡ್ಯುಯೊ (ಇಬ್ಬರು) ಅಂತಲೋ ಟ್ರಯೊ (ಮೂವರು) ಅಂತಲೋ ಸೇರಿಸಿ ಯೂಟ್ಯೂಬ್‌ನಲ್ಲಿ ಹಾಕಿ. ಇತ್ತೀಚೆಗೆ ಹಾಕಿದ್ದು ಬರುವ ಹಾಗೆ ಫಿಲ್ಟರ್ ಬದಲಿಸಿ. ನಾಲ್ಕು ಕೆಟ್ಟದ್ದು ಬರುತ್ತವೆ, ಐದನೆಯದು ಪೋಲೆಂಡ್‌ನಲ್ಲೋ ಬ್ರೆಜಿಲ್‌ನಲ್ಲೋ ಸಣ್ಣ ಕೋಣೆಯಲ್ಲಿ ಹಾಡಿದ್ದು ಇರುತ್ತದೆ, ನೀವು ಕೈ ಕೆಲಸ ಬಿಟ್ಟು ಕೇಳುತ್ತೀರಿ.

ಯೂಟ್ಯೂಬ್ ಅಂದ ಕೂಡಲೇ ಬಾರ್ಸಿಲೋನಾದ ಸಂತ್ ಆಂದ್ರೆಯು ಜಾಝ್ ಬ್ಯಾಂಡ್ ಹೇಳಲೇಬೇಕು. ಜೊವಾನ್ ಚಮೊರೊ ಅನ್ನುವ ಮೇಷ್ಟ್ರು 2006ರಲ್ಲಿ ಮಕ್ಕಳನ್ನು ಸೇರಿಸಿ ಶುರು ಮಾಡಿದ್ದು. ದೊಡ್ಡ ಬ್ಯಾಂಡ್ ಅದು, ಆದರೆ ಅದರಿಂದ ಹೊರಬಂದವರ ಸಣ್ಣ ತಂಡಗಳು ಅದ್ಭುತ. ಆಂದ್ರೆಯಾ ಮೋತಿಸ್ ಟ್ರಂಪೆಟ್ ನುಡಿಸುತ್ತಾ ಹಾಡುತ್ತಾರೆ. ರೀತಾ ಪಾಯೆಸ್ ಟ್ರಾಂಬೋನ್ ನುಡಿಸುತ್ತಾ ಹಾಡುತ್ತಾರೆ, ಅಮ್ಮ ಎಲಿಸಾಬೆತ್ ರೋಮಾ ಪಕ್ಕದಲ್ಲಿ ಗಿಟಾರ್. ತಾಯಿ ಮಗಳು ಸೇರಿ ಮಾಡಿದ ಆಲ್ಬಂ 2019ರಲ್ಲಿ ಬಂದಿದೆ.

ಲೈವ್ ಬೇಕು ಅಂದರೆ ನ್ಯೂಯಾರ್ಕ್‌ನ ಸ್ಮಾಲ್ಸ್. ಗ್ರೀನಿಚ್ ವಿಲೇಜ್‌ನ ನೆಲಮಾಳಿಗೆಯಲ್ಲಿ 1994ರಲ್ಲಿ ಶುರುವಾದ ಪುಟ್ಟ ಕ್ಲಬ್ಬು, ಅಲ್ಲಿ ನುಡಿಸಿದ್ದನ್ನು ಇಂಟರ್ನೆಟ್‌ನಲ್ಲಿ ನೇರ ಬಿಡುತ್ತಾರೆ, ಹಳೆಯದನ್ನೂ ಜೋಡಿಸಿ ಇಟ್ಟಿದ್ದಾರೆ. ನ್ಯೂಯಾರ್ಕ್‌ನ ರಾತ್ರಿ ಎಂಟು ಅಂದರೆ ಬೇಸಿಗೆಯಲ್ಲಿ ನಮಗೆ ಬೆಳಗ್ಗೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ಬೆಳಗ್ಗೆ ಬೇಗ ಏಳುವವರಾದರೆ ಒಳ್ಳೆ ಅಭ್ಯಾಸ ಆಗುತ್ತದೆ. ಹಾರ್ಲೆಮ್‌ನಲ್ಲಿ ಪಿಯಾನೊ ವಾದಕ ಎಮೆಟ್ ಕೋಹೆನ್ 2020ರಲ್ಲಿ, ಕೊರೊನಾ ಬಂದು ಕ್ಲಬ್ಬುಗಳೆಲ್ಲ ಮುಚ್ಚಿದಾಗ, ತಮ್ಮ ಮನೆಯಿಂದಲೇ ನೇರ ಪ್ರಸಾರ ಶುರು ಮಾಡಿದರು. ಅದೇ ಮನೆಯಲ್ಲಿ ಗಾಯಕಿ ಸಮಾರಾ ಜಾಯ್ ಹಾಡಿದ್ದು ಗ್ರ್ಯಾಮಿ ಬರುವುದಕ್ಕೂ ಮುಂಚೆ. ಆಕೆ 2019ರಲ್ಲಿ ಸಾರಾ ವಾನ್ ಹೆಸರಿನ ಗಾಯನ ಸ್ಪರ್ಧೆ ಗೆದ್ದಿದ್ದರು. ಆ ಸ್ಪರ್ಧೆಯಲ್ಲಿ ಗೆದ್ದವರನ್ನು ಬಿಟ್ಟು, ಪ್ರತಿ ವರ್ಷ ಫೈನಲ್‌ಗೆ ಬಂದ ಉಳಿದವರ ಹೆಸರು ತೆಗೆದು ನೋಡಿ. ಒಂದು ಬಹುಮಾನದಿಂದ ತಪ್ಪಿದವರು ಅಷ್ಟೇ, ಹಾಡು ಕಮ್ಮಿ ಇರುವುದಿಲ್ಲ.

ಕಲಾವಿದರಿಂದ ನೇರ ಆಲ್ಬಂ ಕೊಳ್ಳುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ನಿಮಗೆ ಗೊತ್ತಿರಬಹುದು. ಅಲ್ಲಿ ಒಂದೇ ಒಂದು ಕೆಲಸ ಮಾಡಿ. ಆಲ್ಬಂ ಪುಟದಲ್ಲಿ ಅದನ್ನು ಕೊಂಡವರ ಚಿತ್ರಗಳು ಸಾಲಾಗಿ ಇರುತ್ತವೆ. ಅದರಲ್ಲಿ ಒಬ್ಬರ ಮೇಲೆ ಒತ್ತಿ, ಅವರು ದುಡ್ಡು ಕೊಟ್ಟು ಕೊಂಡಿದ್ದೆಲ್ಲ ಕಾಣುತ್ತದೆ. ದುಡ್ಡು ಕೊಟ್ಟು ಕೊಂಡಿದ್ದಾರೆ ಅಂದರೆ ಅದು ಬೇರೆಯೇ ಮಾತು ಅಲ್ವಾ. ನಿಮಗೂ ಇಷ್ಟವಾದರೆ ದಯವಿಟ್ಟು ಕೊಂಡುಕೊಳ್ಳಿ, ಸಣ್ಣ ತಂಡಗಳಿಗೆ ಸ್ಟ್ರೀಮಿಂಗ್‌ನಿಂದ ಬರುವುದು ಚಿಲ್ಲರೆ.

ನಮ್ಮ ಊರಿನದ್ದೂ ಇದೆ, ಇದನ್ನು ಹೇಳದೆ ಮುಗಿಸಲಾರೆ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ 'ಜ್ಯೋತಿ' ಅಂತ ಒಂದು ರೆಕಾರ್ಡ್ ತಂದಿತು. ಹಾಡಿದ್ದು ಬೆಂಗಳೂರಿನ ಆರ್.ಎ. ರಮಾಮಣಿ. ಜತೆಗೆ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಅಂದರೆ ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲ್ (ಬಾಯಲ್ಲೇ ಹೇಳುವ ತಾಳದ ಸೊಲ್ಲು). ಸ್ಯಾಕ್ಸೊಫೋನ್ ಬಾಸ್ಟನ್‌ನ ಚಾರ್ಲಿ ಮರಿಯಾನೊ, ನಾದಸ್ವರ ಕಲಿತಿದ್ದ ಮನುಷ್ಯ. ಫ್ಯೂಷನ್ ಅಂತ ಹಣೆಪಟ್ಟಿ ಹಚ್ಚಿ ಪಕ್ಕಕ್ಕಿಡಬೇಡಿ. ಸ್ಯಾಕ್ಸೊಫೋನ್ ಇಲ್ಲಿ ರಮಾಮಣಿ ಅವರ ಸ್ವರವನ್ನು ಕೇಳಿಸಿಕೊಂಡು ಉತ್ತರ ಕೊಡುತ್ತದೆ, ಅವಸರವೇ ಇಲ್ಲ. ಶೀಲಾ ಜೋರ್ಡನ್ ಬಾಸ್ ಜತೆ ಮಾಡಿದ್ದೂ ಇದೇ ಕೆಲಸ ಅಂತ ನನಗೆ ಅನ್ನಿಸುತ್ತದೆ. ಯುರೋಪಿನ ಜಾಝ್ ಕೇಳುಗರು ಈ ರೆಕಾರ್ಡ್ ಹುಡುಕಿಕೊಂಡು ಹೋಗುತ್ತಾರೆ, ಬೆಂಗಳೂರಿನಲ್ಲಿ ಎಷ್ಟೋ ಜನಕ್ಕೆ ಇದು ಇರುವುದೇ ತಿಳಿಯದು. ಮುಂಬಯಿಯ ಆಶಾ ಪುತ್ಲಿ ಕೂಡ ಇಂಥವರೇ, 1971ರಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಜತೆ ಹಾಡಿದರು, ಫ್ರೀ ಜಾಝ್‌ನ (ಕಟ್ಟುಪಾಡು ಬಿಟ್ಟು ನುಡಿಸುವ ಜಾಝ್) ದೊಡ್ಡ ರೆಕಾರ್ಡ್ ಒಂದರಲ್ಲಿ ಆಕೆಯ ಧ್ವನಿ ಇದೆ.

ಎಲ್ಲಿಂದ ಶುರು ಮಾಡಲಿ ಅಂದರೆ, ಮೊದಲು ರಾಡ್ಕಾ ಟೋನೆಫ್, ಆಮೇಲೆ 'ಜ್ಯೋತಿ', ಆಮೇಲೆ ಶರ್ಲಿ ಹಾರ್ನ್. ಶರ್ಲಿ ತಾವೇ ಪಿಯಾನೊ ನುಡಿಸುತ್ತಾ ಹಾಡುತ್ತಿದ್ದರು, ಎಷ್ಟು ನಿಧಾನ ಅಂದರೆ ಬೇರೆಯವರು ಆ ಗತಿಯಲ್ಲಿ ಹಾಡೋಕೆ ಹೋದರೆ ಹಾಡೇ ಬಿದ್ದುಹೋಗುತ್ತದೆ. ಬಾಸ್‌ನಲ್ಲಿ ಚಾರ್ಲ್ಸ್ ಏಬಲ್ಸ್, ಡ್ರಮ್ಸ್‌ನಲ್ಲಿ ಸ್ಟೀವ್ ವಿಲಿಯಮ್ಸ್, ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಮೂವರು ಜತೆಗಿದ್ದರು. ಸಣ್ಣ ತಂಡ ಅಂದರೆ ಏನು ಅಂತ ತಿಳಿಯೋಕೆ ಅಷ್ಟು ಸಾಕು. ನಿಮಗೆ ತುಂಬಾ ಇಷ್ಟವಾದ ಒಂದು ಸ್ಟ್ಯಾಂಡರ್ಡ್ ಹೆಸರು ಕೆಳಗೆ ಬರೆಯಿರಿ, ಅದನ್ನು ಯಾರ್ಯಾರು ಇಬ್ಬರೇ ಮೂವರೇ ಸೇರಿ ಹಾಡಿದ್ದಾರೆ ಅಂತ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.