ಹಳೆ ಕೂಪೆನಾ, ಹೊಸ ಪಿಕಪ್ಪಾ?

ಪ್ರಶ್ನೆ: ನನ್ನ ಹತ್ತಿರ 20 ವರ್ಷದ ಕೂಪೆ (ಎರಡು ಬಾಗಿಲಿನ ಕಾರು) ಇದೆ. ಅದನ್ನು ಕೊಟ್ಟು ಹೊಸ ಪಿಕಪ್ ತಗೊಳ್ಳೋಣ ಅಂತ ಮನೆಯವರ ಹಟ. ಏನು ಮಾಡಲಿ?

ಉತ್ತರ: ಪಿಕಪ್‌ನಲ್ಲಿ ಏನು ಹೇರುತ್ತೀರಿ, ಅದನ್ನು ಮೊದಲು ಹೇಳಿ. ವಾರಕ್ಕೊಮ್ಮೆಯಾದರೂ ಸಾಮಾನು ಸಾಗಿಸುವುದಿದ್ದರೆ ತಗೊಳ್ಳಿ, ಮಾತೇ ಇಲ್ಲ. ಸುಮ್ನೆ ಓಡಾಡೋಕಾದರೆ ಯೋಚಿಸಿ. ಹೆಚ್ಚಿನ ಪಿಕಪ್‌ಗಳ ಹಿಂದೆ ಭಾರ ಹೊರಲೆಂದೇ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಯ ಗಟ್ಟಿ ಸ್ಪ್ರಿಂಗ್) ಹಾಕಿರುತ್ತಾರೆ, ಹಾಗಾಗಿ ಗಾಡಿ ಖಾಲಿ ಇದ್ದಾಗ ಪ್ರತಿ ಗುಂಡಿಗೂ ಹಿಂಬದಿ ಕುಪ್ಪಳಿಸುತ್ತದೆ, ಬೆನ್ನಿಗೆ ಗೊತ್ತಾಗುತ್ತದೆ. ಕೂಪೆ ನೆಲಕ್ಕೆ ಹತ್ತಿರ, ತಿರುವಿನಲ್ಲಿ ಅಷ್ಟು ವಾಲುವುದಿಲ್ಲ. ಆದರೆ ವಯಸ್ಸಾಯ್ತು ಅಲ್ವಾ, ರಬ್ಬರ್ ಬುಷ್ (ಕೀಲುಗಳಲ್ಲಿರುವ ಮೆತ್ತೆ), ಹೋಸ್ (ರಬ್ಬರ್ ಪೈಪು) ಎಲ್ಲ ಮೆಕ್ಯಾನಿಕ್‌ಗೆ ತೋರಿಸಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ನೋಡಿ: 2314 ಅಂದರೆ 2014ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ, ನೋಡಲು ಚೆನ್ನಾಗಿದ್ದರೂ ಬದಲಿಸಿ.